ಗಾಳಿಗೆ ಬಂದ ಬೆಲೆ ನೀರಿಗಿಲ್ಲ
ಬಳಸಿದ ಸ್ಪೋರ್ಟ್ಸ್ ಕಾರಿನ ಬೆಲೆಯನ್ನು ವೇಗವೇ ನಿರ್ಧರಿಸುತ್ತದೆಂಬ ನಂಬಿಕೆಯನ್ನು ಯುರೋಪಿನ ಮಾರುಕಟ್ಟೆಯಲ್ಲಿ ಈ ವಾರವೂ ಅಕ್ಕಪಕ್ಕದಲ್ಲೇ ಮಾರಾಟಕ್ಕಿರುವ ಪೋರ್ಷೆ 911ರ ಎರಡು ತಲೆಮಾರುಗಳು ಸುಳ್ಳಾಗಿಸುತ್ತವೆ: 1998ರಲ್ಲಿ ತಯಾರಿಕೆ ನಿಂತ 993, ಅಂದರೆ ರೇಡಿಯೇಟರಿನ ನೀರಿಲ್ಲದೆ ಫ್ಯಾನಿನ ಗಾಳಿಯಿಂದ ಎಂಜಿನ್ನನ್ನು ತಣಿಸುತ್ತಿದ್ದ ಕೊನೆಯ 911, ಕಾಲ ಕಳೆದಂತೆ ದುಬಾರಿಯಾದರೆ, ಸಾಮಾನ್ಯ ಮಾದರಿಯಲ್ಲಿ ಅದಕ್ಕಿಂತ ವೇಗವಾಗಿದ್ದ, ನೀರಿನಿಂದ ತಣಿಯುವ 996 ಬಹುಕಾಲ ಅಗ್ಗದ 911 ಎನಿಸಿಕೊಂಡೇ ಉಳಿಯಿತು. ಪೋರ್ಷೆಯದೇ ಕೆಳದರ್ಜೆಯ ಕಾರಾದ ಬಾಕ್ಸ್‌ಸ್ಟರ್‌ನೊಂದಿಗೆ ಹಂಚಿಕೊಂಡ, ಬಾಣಲೆಗೆ ಒಡೆದ ಮೊಟ್ಟೆಯಂತೆ ಹರಡಿದ ಹೆಡ್‌ಲೈಟು ಅದರ ಮಾನ ಕಳೆಯಿತು. ಕ್ರ್ಯಾಂಕ್‌ಶಾಫ್ಟಿನ ಚಲನೆಯನ್ನು ಕ್ಯಾಮ್‌ಶಾಫ್ಟುಗಳತ್ತ ದಾಟಿಸುವ ನಡುವಣ ಶಾಫ್ಟಿನ ಬೇರಿಂಗ್ ಕೆಲವು ಕಾರುಗಳಲ್ಲಷ್ಟೇ ಸವೆದು ಎಂಜಿನ್ನನ್ನೇ ನುಂಗಿದರೂ, ಆ ಭಯದ ದಂಡವನ್ನು ಉಳಿದವೂ ತೆತ್ತವು, ಇದು ಅನ್ಯಾಯವೇ ಸರಿ. ಅದೇ 996ರ ಟರ್ಬೊ ಮತ್ತು ಜಿಟಿ3 ಮಾದರಿಗಳು ಮಾತ್ರ, ಆ ಬೇರಿಂಗಿನ ಕಾಟವಿಲ್ಲದ, ರೇಸಿಂಗ್ ಮೂಲದ ಬೇರೆ ಎಂಜಿನ್ ಪಡೆದಿದ್ದರಿಂದ, ತಮ್ಮ ಬೆಲೆಯನ್ನು ಹೆಚ್ಚು ಬಿಗಿಯಾಗಿ ಹಿಡಿದುಕೊಂಡಿವೆ.