ನಿದ್ದೆಯ ಪರೀಕ್ಷೆ ಮನೆಯಲ್ಲೇ ಆಗಲಿ
ತುಂಬು ಗರ್ಭಿಣಿ ಗೊರಕೆ ಹೊಡೆದರೆ ‘ಸುಸ್ತಾಗಿದೆ, ಮಲಗಲಿ ಬಿಡಿ’ ಎನ್ನುತ್ತೇವೆ. ಆದರೆ ಗೊರಕೆಯ ನಡುವೆ ಉಸಿರು ಕಟ್ಟಿ ಬೆಚ್ಚಿ ಏಳುತ್ತಿದ್ದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ಅಮೆರಿಕದ ಚೊಚ್ಚಲ ಗರ್ಭಿಣಿಯರ ಕುರಿತು 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ನಿದ್ದೆಯಲ್ಲಿ ಉಸಿರಾಟದ ತೊಂದರೆ ಮೊದಲ ತಿಂಗಳುಗಳಲ್ಲಿ ಶೇ 3.6, ನಡುವಿನ ತಿಂಗಳುಗಳಲ್ಲಿ ಶೇ 8.3 ಮಂದಿಯಲ್ಲಿ ಕಂಡಿತ್ತು. ಅಂಥವರಲ್ಲಿ ರಕ್ತದೊತ್ತಡದ ತೊಡಕು, ಗರ್ಭಾವಸ್ಥೆಯ ಮಧುಮೇಹ ಹೆಚ್ಚು.

ಆ ಅಧ್ಯಯನಕ್ಕಾಗಿ ನಿದ್ದೆಯ ಪರೀಕ್ಷೆ ನಡೆದದ್ದು ಅವರವರ ಮನೆಯ ಹಾಸಿಗೆಯಲ್ಲೇ. ಬೆರಳಿಗೊಂದು ಕ್ಲಿಪ್, ಮೂಗಿಗೆ ಸಣ್ಣ ಕೊಳವೆ, ಎದೆಗೆ, ಹೊಟ್ಟೆಗೆ ಪಟ್ಟಿ, ಹೆಚ್ಚುಕಡಿಮೆ ಅಷ್ಟೇ. ಆಸ್ಪತ್ರೆಯಲ್ಲಾದರೆ ತಲೆತುಂಬ ವೈರು ಅಂಟಿಸಿಕೊಂಡು ಅಪರಿಚಿತ ಕೋಣೆಯಲ್ಲಿ ಮಲಗಬೇಕು. ರಾತ್ರಿ ನಾಲ್ಕಾರು ಸಲ ಮೂತ್ರಕ್ಕೆ ಏಳುವವಳು, ಎಡಮಗ್ಗುಲಿಗೆ ದಿಂಬು ಹುಡುಕುವವಳು ಅಲ್ಲಿ ಕಣ್ಣು ಮುಚ್ಚುವುದು ಹೇಗೆ? ಮನೆಯಲ್ಲಿರುವ ಮೊದಲ ಮಗುವನ್ನು ಯಾರ ಬಳಿ ಬಿಡಬೇಕು?

ತಾಯಿ ಕಾರ್ಡ್ ಹಿಡಿದು ತಪಾಸಣೆಗೆ ಬಂದವರಲ್ಲಿ ಬಿ.ಪಿ. ಏರಿದವರನ್ನು, ತೂಕ ಹೆಚ್ಚಿರುವವರನ್ನಾದರೂ ವೈದ್ಯರು ಗೊರಕೆಯ ಬಗ್ಗೆ ವಿಚಾರಿಸಲಿ. ಪರೀಕ್ಷೆ ಬೇಕೆನಿಸಿದರೆ ಎಲ್ಲಿ, ಯಾವ ರಾತ್ರಿ ಅನುಕೂಲ ಎಂದು ಗರ್ಭಿಣಿಯನ್ನೇ ಕೇಳಲಿ. ಮನೆಯ ಪರೀಕ್ಷೆಯಲ್ಲಿ ಸ್ಪಷ್ಟವಾಗದಿದ್ದಾಗ ಆಸ್ಪತ್ರೆ ಇದ್ದೇ ಇದೆ.