ಮನೆಯ ಚಿಪ್ಸಿನ ಲೆಕ್ಕ

ಅಂಗಡಿಯ ಪೊಟ್ಟಣದ ಚಿಪ್ಸ್ ಮಕ್ಕಳಿಗೆ ಕೆಟ್ಟದ್ದು, ಮನೆಯಲ್ಲಿ ಕರಿದದ್ದು ಒಳ್ಳೆಯದು ಎಂಬ ನಂಬಿಕೆ ನಮ್ಮ ಮಧ್ಯಮವರ್ಗದಲ್ಲಿ ಆಳವಾಗಿ ಬೇರೂರಿದೆ. ಮೋಂಡಾ ಮಾರುಕಟ್ಟೆಯಿಂದ ಆಲೂಗಡ್ಡೆ ತಂದು, ರಜೆಯ ದಿನ ಕರಿದು ಡಬ್ಬಿ ತುಂಬಿಸಿಡುವ ಸಿಕಂದರಾಬಾದಿನ ಕನ್ನಡ ಮನೆಗಳೂ ಇದಕ್ಕೆ ಹೊರತಲ್ಲ. ‘ಮನೆಯದು’ ಎಂಬ ಮಾತಿನಲ್ಲಿ ಅಕ್ಕರೆಯಿದೆ. ಆದರೆ ಪೌಷ್ಟಿಕತೆಯನ್ನು ಅಕ್ಕರೆಯಿಂದ ಅಳೆಯಲಾಗದು.

ಆಲೂಗಡ್ಡೆಯದು ತಪ್ಪಿಲ್ಲ. 100 ಗ್ರಾಂ ಹಸಿ ಗಡ್ಡೆಯಲ್ಲಿ ಸುಮಾರು 80 ಗ್ರಾಂ ನೀರೇ ಇರುತ್ತದೆ; ಶಕ್ತಿ 75 ಕಿಲೋಕ್ಯಾಲರಿಯ ಆಸುಪಾಸು. ಪೊಟ್ಯಾಸಿಯಂ, ‘ಸಿ’ ಜೀವಸತ್ವಗಳೂ ಇವೆ. ತೆಳ್ಳಗೆ ಹೆಚ್ಚಿ ಕಾದ ಎಣ್ಣೆಗೆ ಬಿಟ್ಟಾಗ ಆ ನೀರು ಆವಿಯಾಗಿ, ಅದು ಬಿಟ್ಟ ಜಾಗಕ್ಕೆ ಎಣ್ಣೆ ಸೇರುತ್ತದೆ. ಹೀಗೆ ಸಿದ್ಧವಾದ ಚಿಪ್ಸಿನಲ್ಲಿ ಮೂರರಲ್ಲೊಂದು ಪಾಲು ಎಣ್ಣೆ. 100 ಗ್ರಾಂಗೆ ಶಕ್ತಿ 500 ಕಿಲೋಕ್ಯಾಲರಿಯನ್ನು ಮೀರುತ್ತದೆ. ಬಾಣಲೆ ಕಾರ್ಖಾನೆಯದೋ ಅಡುಗೆಮನೆಯದೋ ಎಂದು ಎಣ್ಣೆ ವಿಚಾರಿಸುವುದಿಲ್ಲ.

ನಮ್ಮ ನೆರೆಯ ತಾರ್ನಾಕಾದಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ, ದಿನಕ್ಕೆ 2000 ಕಿಲೋಕ್ಯಾಲರಿಯ ಮಾದರಿ ತಟ್ಟೆಯೊಂದಿದೆ. ಅದರಲ್ಲಿ ಎಣ್ಣೆ, ತುಪ್ಪಗಳಿಗೆ ಮೀಸಲಾದದ್ದು 27 ಗ್ರಾಂ ಮಾತ್ರ. ಟಿವಿಯ ಮುಂದೆ 100 ಗ್ರಾಂ ಚಿಪ್ಸ್ ಖಾಲಿ ಮಾಡಿದವರು, ಒಗ್ಗರಣೆಗೆ ಮೊದಲೇ ಆ ಪಾಲನ್ನು ಮುಗಿಸಿರುತ್ತಾರೆ.

ಹಾಗೆಂದು ಮನೆಯ ಚಿಪ್ಸಿಗೆ ಯಾವ ಹಿರಿಮೆಯೂ ಇಲ್ಲವೆಂದಲ್ಲ. ಉಪ್ಪು ನಮ್ಮ ಕೈಯಲ್ಲಿದೆ. ಪಿಷ್ಟಪದಾರ್ಥವನ್ನು ಹೆಚ್ಚು ಕಾವಿನಲ್ಲಿ ಕರಿದಾಗ ಅಕ್ರಿಲಮೈಡ್ ಎಂಬ ಹಾನಿಕರ ಸಂಯುಕ್ತ ಹುಟ್ಟುವುದನ್ನು ಸ್ವೀಡನ್ನಿನ ವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದರು. ಹೋಳುಗಳನ್ನು ನೀರಿನಲ್ಲಿ ನೆನೆಸಿ, ಒರೆಸಿ, ಕಂದು ಬಣ್ಣಕ್ಕೆ ತಿರುಗುವ ಮೊದಲೇ ತೆಗೆದರೆ ಅದು ತಗ್ಗುತ್ತದೆ. ಕರಿದುಳಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವ ಉಳಿತಾಯಬುದ್ಧಿಯನ್ನು ಮಾತ್ರ ಬಿಡಬೇಕು. ಹಾಗಿಲ್ಲದಿದ್ದರೆ ‘ಮನೆಯದು’ ಎಂಬ ಹೆಮ್ಮೆಗೆ ಅರ್ಥವಿರದು.

ಮನೆಯ ತಿಂಡಿಯ ನಿಜವಾದ ಗುಣ ಇನ್ನೊಂದಿದೆ: ಅದರ ಶ್ರಮ. ಸಿಪ್ಪೆ ತೆಗೆದು, ಹೆಚ್ಚಿ, ಒಲೆಯ ಮುಂದೆ ಬೆವರುವ ಕೆಲಸವೇ ಎಷ್ಟು ಮಾಡಬೇಕೆಂಬುದಕ್ಕೆ ಒಂದು ಮಿತಿ ಹಾಕುತ್ತದೆ. ಪೊಟ್ಟಣ ಆ ಶ್ರಮವನ್ನು ಕಳೆಯಿತು, ಜೊತೆಗೆ ಮಿತಿಯನ್ನೂ. ಆದರೆ ಮನೆಯಲ್ಲಿಯೂ ಶ್ರಮವೆಲ್ಲ ಒಬ್ಬ ಹೆಂಗಸಿನದೇ ಆದರೆ, ತಟ್ಟೆಯ ಮುಂದೆ ಕುಳಿತವರಿಗೆ ಆ ಮಿತಿ ಕಾಣುವುದೇ ಇಲ್ಲ. ಅವರಿಗೆ ಅದೂ ಒಂದು ಪೊಟ್ಟಣವೇ. ಆದ್ದರಿಂದ ತಿನ್ನುವವರೆಲ್ಲ ಹೆಚ್ಚಲು ಕೂರಲಿ. ದಿನನಿತ್ಯಕ್ಕೆ ಬೇಯಿಸಿದ ಆಲೂಗಡ್ಡೆಯ ಪಲ್ಯವಿರಲಿ, ಚಿಪ್ಸ್ ಹಬ್ಬಹುಣ್ಣಿಮೆಗಿರಲಿ.