ಕೋವಿ: ಹಕ್ಕೋ, ಪರವಾನಗಿಯೋ?



ಚುನಾವಣೆ ಬಂತೆಂದರೆ ತೀರ್ಥಹಳ್ಳಿ ಕಡೆಯ ನಮ್ಮ ಭಾವನವರಿಗೆ ಸಿಟ್ಟು. ತೋಟ ಕಾಯುವ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು. ಕಾಡುಹಂದಿಗಳಿಗೆ ನೀತಿಸಂಹಿತೆ ಇಲ್ಲ. ಈಚೆಗೆ ರವೀಂದ್ರನಗರದ ನಮ್ಮ ಮನೆಗೆ ಬಂದವರು, "ಅಮೆರಿಕದಲ್ಲಿ 1791ರಿಂದ್ಲೇ ಇದು ಸಂವಿಧಾನದ ಹಕ್ಕು. ಕೊಡವರಿಗೂ ಲೈಸೆನ್ಸ್ ಬೇಡ. ನಾವೇನು ಪಾಪ ಮಾಡಿದೀವಿ?" ಎಂದರು.

ಕೊಡಗಿನದು ಹಕ್ಕಲ್ಲ, ವಿನಾಯಿತಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೇಂದ್ರ ಸರ್ಕಾರ ಕೊಟ್ಟದ್ದು. 2019ರಲ್ಲಿ ಹತ್ತು ವರ್ಷಕ್ಕೆ ವಿಸ್ತರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಎತ್ತಿಹಿಡಿಯಿತು. ಶಸ್ತ್ರ ಹೊಂದುವ ಹಕ್ಕನ್ನು 1931ರ ಕರಾಚಿ ಕಾಂಗ್ರೆಸ್ ನಿರ್ಣಯದಲ್ಲಿ ಸೇರಿಸಿದ್ದರು. 1948ರಲ್ಲಿ ಸಂವಿಧಾನ ಸಭೆಯಲ್ಲಿ ಎಚ್.ವಿ. ಕಾಮತ್ ಮತ್ತೆ ಕೇಳಿದರು, ಅಂಬೇಡ್ಕರ್ ಒಪ್ಪಲಿಲ್ಲ. 19ನೇ ವಿಧಿ ಕೊಟ್ಟದ್ದು ಶಸ್ತ್ರವಿಲ್ಲದೆ ಶಾಂತಿಯಿಂದ ಸಭೆ ಸೇರುವ ಹಕ್ಕನ್ನು.

ನನಗೆ ಅಂಬೇಡ್ಕರರೇ ಸರಿ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಡಾ. ಎಂ.ಎಂ. ಕಲಬುರ್ಗಿಯವರನ್ನು ಕೊಂದದ್ದು ನಾಡಪಿಸ್ತೂಲು. "ಕಾಯ್ದೆ ತಡೀತಾ?" ಎಂದರು ಭಾವ. ತಡೆಯಲಿಲ್ಲ, ನಿಜ. ಆದರೆ ಮನೆ ಬಾಗಿಲಿಗೆ ಬಂದವರನ್ನು ಮಾತನಾಡಿಸಲು ಹೋದ ಆ ಹಿರಿಯರಿಗೆ ಕಪಾಟಿನ ಕೋವಿಯೂ ಆಗಿಬರುತ್ತಿರಲಿಲ್ಲ.

ತೋಟದ ಸಂಕಟ ಬೇರೆ. ಯಾರ ಕೋವಿ ಠೇವಣಿಯಾಗಬೇಕೆಂದು ಪರಿಶೀಲಿಸಲು ಚುನಾವಣೆ ಹೊತ್ತಿನಲ್ಲಿ ಜಿಲ್ಲೆಗೊಂದು ಸಮಿತಿ ಇರುತ್ತದೆ. ಬೆಳೆ ರಕ್ಷಣೆಯ ಲೈಸೆನ್ಸ್‌ಗಳನ್ನು ಅದು ಒಂದೊಂದಾಗಿಯೇ ನೋಡಬೇಕು. ಸರ್ಕಾರಿ ಕಡತಗಳಲ್ಲೇ ತಲೆ ನೆರೆತವನು ನಾನು. ಸಗಟು ಆದೇಶ ಅಧಿಕಾರಿಗೆ ಎಷ್ಟು ಸಲೀಸೆಂದು ಬಲ್ಲೆ. ಭಾವನವರ ಅರ್ಜಿಯನ್ನು ಅಂದೇ ರಾತ್ರಿ ನಾನೇ ಬರೆದುಕೊಟ್ಟೆ.